ಸಾಲವಲ್ಲ, ಚಿಲ್ಲರೆ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆ, ಮಾವಿನ ಸುಗ್ಗಿಯ ಕಾಲ. ನಾಲ್ಕನೇ ತರಗತಿಯ ಹುಡುಗನೊಬ್ಬ 403ರಲ್ಲಿ 178 ಕಳೆದು 375 ಎಂದು ಬರೆದಿದ್ದ. ಹಿಂದಿನ ದಿನದ ಲೆಕ್ಕಗಳೂ ಹೀಗೇ ತಪ್ಪಿದ್ದವು. ಕೆಂಪು ಪೆನ್ನಿನಲ್ಲಿ ಇಂಟು ಹಾಕಿ ಹಾಕಿ ನನಗೂ ಸಾಕಾಗಿತ್ತು. ಅವತ್ತು ಪಕ್ಕದಲ್ಲಿ ಕೂರಿಸಿಕೊಂಡು, "ಹೆಂಗೆ ಮಾಡಿದೆ, ಹೇಳಪ್ಪ" ಅಂದೆ.

"ಎಂಟ್ರಲ್ಲಿ ಮೂರು ಹೋದ್ರೆ ಐದು. ಏಳ್ರಲ್ಲಿ ಸೊನ್ನೆ ಹೋದ್ರೆ ಏಳು. ನಾಲ್ಕ್ರಲ್ಲಿ ಒಂದು ಹೋದ್ರೆ ಮೂರು."

"ಮೂರು ಮೇಲಿದೆ, ಎಂಟು ಕೆಳಗಿದೆಯಲ್ಲೋ?"

"ಚಿಕ್ಕದ್ರಲ್ಲಿ ದೊಡ್ಡದು ಹೋಗಲ್ಲ ಅಂತ ನೀವೇ ಹೇಳಿದ್ರಲ್ಲ ಮಿಸ್."

ಹೌದು, ಹೇಳಿದ್ದೆ. ಅವನು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ. ನನಗೆ ನಿಜಕ್ಕೂ ಸಂಕಟವಾಯಿತು.

"ಹೋಗದಿದ್ರೆ ಪಕ್ಕದ ಮನೆಯಿಂದ ಸಾಲ ತಗೋಬೇಕು ಅಂತಲೂ ಹೇಳಿದ್ದೆನಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಪಕ್ಕದ ಮನೇಲಿ ಸೊನ್ನೆ ಐತೆ ಮಿಸ್, ಅವ್ರತ್ರಾನೇ ಇಲ್ಲ. ತಗೊಂಡ್ರೂ ವಾಪಸ್ ಯಾವಾಗ ಕೊಡೋದು?"

ಟೊಮೆಟೊ ಬೆಲೆ ಬಿದ್ದ ವರ್ಷ ಸಾಲ ಅಂದರೇನು ಎಂದು ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಲೆಕ್ಕದಲ್ಲಿ ಮಾತ್ರ ತೀರಿಸದೆ ಬಿಡುವ ಸಾಲ ಎಲ್ಲಿಂದ ಬಂತು?

ಅವನ ತಾಯಿಯದು ಪುಟ್ಟ ಅಂಗಡಿ. ಗಣಿತ ಕಲಿಕಾ ಆಂದೋಲನದ ಕಿಟ್ಟಿನಲ್ಲಿದ್ದ ಆಟದ ನೋಟು ತೆಗೆದೆ. ನೂರರವು ನಾಲ್ಕು, ಒಂದು ರೂಪಾಯಿ ನಾಣ್ಯ ಮೂರು ಅವನ ಕೈಗಿಟ್ಟೆ. "178 ರೂಪಾಯಿ ಸಾಮಾನು ತಗೊಂಡಿದ್ದೀಯ. ಕೊಡು."

"ಚಿಲ್ಲರೆ ಕೊಡಿ ಮಿಸ್" ಅಂದ, ಒಂದು ಕ್ಷಣವೂ ಯೋಚಿಸದೆ. ನೂರರ ನೋಟೊಂದನ್ನು ಕೊಟ್ಟು ಹತ್ತರ ಹತ್ತು ನೋಟು ಎಣಿಸಿಕೊಂಡ. ಅದರಲ್ಲೊಂದನ್ನು ಮುರಿಸಿ ಹತ್ತು ನಾಣ್ಯ ತಗೊಂಡ.

"ಈಗ ನಿನ್ನ ದುಡ್ಡು ಎಷ್ಟಾಯ್ತು?"

ನೂರರವು ಮೂರು, ಹತ್ತರವು ಒಂಬತ್ತು, ನಾಣ್ಯ ಹದಿಮೂರು. ಬೆರಳಿಟ್ಟು ಎಣಿಸಿದ. "ಅಷ್ಟೇ ಐತೆ. 403."

ಕೊಟ್ಟು ಉಳಿದದ್ದು 225. ಯಾರ ಮನೆಯಿಂದಲೂ ಏನೂ ತಂದಿರಲಿಲ್ಲ, ತನ್ನದೇ ದುಡ್ಡನ್ನು ಬೇರೆ ಕಟ್ಟು ಮಾಡಿಕೊಂಡಿದ್ದ, ಅಷ್ಟೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಸಾಲಕ್ಕೆ ಅವರು 'ಅಪ್ಪು' ಅನ್ನುತ್ತಾರೆ, ಚಿಲ್ಲರೆಗೆ 'ಚಿಲ್ಲರ'. ಎರಡೂ ಭಾಷೆಯಲ್ಲಿ ಸಿದ್ಧವಾಗಿದ್ದ ಪದವನ್ನು ಬಿಟ್ಟು ಇಷ್ಟು ವರ್ಷ ಸಾಲ, ಸಾಲ ಅಂತ ಹೇಳಿಕೊಂಡು ಬಂದಿದ್ದೆ.

ಮರುದಿನ ಬೋರ್ಡಿನ ಮೇಲೆ 1,000ದಲ್ಲಿ 378 ಕಳೆಯಲು ಬರೆದೆ.

"ಸಾವಿರದ ನೋಟೇ ಇಲ್ವಲ್ಲ ಮಿಸ್?"

2016ರ ನವೆಂಬರಿನಲ್ಲಿ ರದ್ದಾದ ನೋಟನ್ನು ಈ ಮಕ್ಕಳು ಹೇಗೆ ಕಂಡಾರು! "ಐನೂರರದ್ದು ಎರಡು ಕೊಡಿ" ಅಂದಳು ಹಿಂದಿನ ಸಾಲಿನ ಹುಡುಗಿ. ಆದರೆ ನೂರರ ಸ್ಥಾನಕ್ಕೂ ಸಾವಿರದ ಸ್ಥಾನಕ್ಕೂ ನಡುವೆ ಐನೂರಕ್ಕೆ ಮನೆಯಿಲ್ಲ. ಕೊನೆಗೆ ರಟ್ಟು ಕತ್ತರಿಸಿ ಸಾವಿರದ ನೋಟೊಂದನ್ನು ನಾವೇ ಮಾಡಿದೆವು. ಅದನ್ನು ಮುರಿಸೋಕೆ ಮೊದಲು ಎದ್ದು ಬಂದವನು ಅವನೇ.