ಹೂವಿಗಿಂತ ಮೊದಲು ಎಲೆಯನ್ನು ನೋಡುವುದು

ಚಿಕ್ಕಮಗಳೂರಿನ ಸುತ್ತಮುತ್ತಲ ಬಂಗಲೆ, ಹೋಂಸ್ಟೇಗಳಿಗೆ ಕೈತೋಟ ಮಾಡಿಕೊಡುವುದು ನನ್ನ ಉದ್ಯೋಗ. ನರ್ಸರಿಗೆ ಬಂದವರ ಕೈ ಅಂದು ಹೂಬಿಟ್ಟು ನಿಂತ ಕುಂಡದತ್ತಲೇ ಹೋಗುತ್ತದೆ. ಆದರೆ ಹೂವು ಕೆಲವು ವಾರಗಳ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಂತೂ ಅರಳಿದ್ದೆಲ್ಲ ಕೊಳೆತು ಉದುರುವುದರಿಂದ ಅಂಗಳಕ್ಕೆ ಕಳೆ ಕೊಡಬೇಕಾದದ್ದು ಎಲೆಯೇ. ಆದ್ದರಿಂದ ಅಲಂಕಾರದ ಪೊದೆಗಿಡಗಳನ್ನು ನಾನು ಎಲೆ ನೋಡಿ ಆರಿಸುತ್ತೇನೆ.

ಕ್ರೋಟನ್ನಿನ ಹಳದಿ, ಕೆಂಪು ಬಣ್ಣಗಳಿಗೆ ಒಳ್ಳೆಯ ಬಿಸಿಲು ಬೇಕು. ಮರಗಸಿ (ಕಾಫಿ ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸ) ಮುಗಿದ ಹೊಸತರಲ್ಲಿ ಬೆಳಕು ಧಾರಾಳವಾಗಿದೆಯೆಂದು ಸಿಲ್ವರ್ ಓಕ್ ಮರಗಳ ಅಡಿಯಲ್ಲಿ ಅದನ್ನು ನೆಟ್ಟರೆ, ಮರ ಮತ್ತೆ ಚಿಗುರಿ ನೆರಳು ಕೂಡಿದಂತೆ ಹೊಸ ಎಲೆಗಳು ಬರೀ ಹಸಿರಾಗಿ ಬರುತ್ತವೆ. ಅಂತಹ ಅರೆನೆರಳಿಗೆ ಹೈಡ್ರೇಂಜಿಯಾ ಸರಿ. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುವುದರಿಂದ, ಮಣ್ಣಿನ ರಸಸಾರ (pH) 5.5ಕ್ಕಿಂತ ಕಡಿಮೆಯಿದ್ದಲ್ಲಿ ಅದರ ಹೂಗೊಂಚಲು ನೀಲಿಯಾಗುತ್ತದೆ. ಹೊಸದಾಗಿ ಗಾರೆ ಮಾಡಿದ ಗೋಡೆಯ ಬುಡದಲ್ಲಿ ಸಿಮೆಂಟು, ಸುಣ್ಣದ ಅಂಶ ಮಣ್ಣಿಗಿಳಿದಿದ್ದರೆ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾಫಿಗೆ ಸುಣ್ಣ ಹಾಕಿಸುವಾಗ ಹೈಡ್ರೇಂಜಿಯಾದ ಪಾತಿಗೂ ಒಂದು ಹಿಡಿ ಎರಚುವ ಮಾಲೀಕರು, ನೀಲಿ ಏಕೆ ಹೋಯಿತೆಂದು ಆಮೇಲೆ ನನ್ನನ್ನೇ ಕೇಳುತ್ತಾರೆ.

ಡಿಸೆಂಬರಿನ ಬಣ್ಣಕ್ಕೆ ಪಾಯಿನ್ಸೆಟ್ಟಿಯಾವನ್ನು ಬಿಟ್ಟರಿಲ್ಲ. ಅದರಲ್ಲಿ ಕೆಂಪೇರುವುದು ಎಲೆ. ಹೂವೆಂದರೆ ನಡುವೆ ಇರುವ ಹಳದಿ ಮೊಗ್ಗಿನಂಥವು ಮಾತ್ರ. ದೀರ್ಘವಾದ, ಅಡ್ಡಿಯಿಲ್ಲದ ಕತ್ತಲು ಸಿಕ್ಕದಿದ್ದರೆ ಅದು ಕೆಂಪಾಗುವುದಿಲ್ಲ. ಹೋಂಸ್ಟೇಯೊಂದರ ಗೇಟಿನ ಬಳಿಯ ಗಿಡದಲ್ಲಿ, ರಾತ್ರಿಯಿಡೀ ಉರಿಯುವ ದೀಪದ ಕಡೆಯ ಕೊಂಬೆಗಳು ಹಸಿರಾಗಿಯೇ ಉಳಿದು, ಆಚೆ ಬದಿಯವು ಮಾತ್ರ ರಂಗೇರಿದ್ದವು. ಗೊಬ್ಬರ ಬೇಕೇ ಎಂದು ಕೇಳಿದವರಿಗೆ ದೀಪ ಆರಿಸಲು ಹೇಳಿದೆ.

ಪರಿಮಳವನ್ನು ಆರಿಸುವಾಗ ತಿಂಗಳು, ಹೊತ್ತು ಎರಡನ್ನೂ ಲೆಕ್ಕ ಹಾಕಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಕಾಫಿ ಅರಳಿದಾಗ ಇಡೀ ತೋಟವೇ ಘಮಘಮಿಸುವುದರಿಂದ, ಆ ದಿನಗಳಿಗೆಂದು ಬೇರೆ ಗಿಡಕ್ಕೆ ದುಡ್ಡು ಸುರಿಯುವುದು ವ್ಯರ್ಥ. ರಾತ್ರಿರಾಣಿ ಸಂಜೆ ಕಳೆದ ಮೇಲೆ ಬಿರಿಯುತ್ತದೆ, ಮಲಗುವ ಕೋಣೆಯ ಕಿಟಕಿಗೆ ಹತ್ತಿರವಿದ್ದರೆ ಅದರ ವಾಸನೆಗೆ ಕೆಲವರಿಗೆ ತಲೆನೋವೇ ಬರುತ್ತದೆ. ಜಗಲಿಯಿಂದ ತುಸು ದೂರವಿದ್ದರೆ ಹಿತ. ಎಲೆಯ ಹೊಳಪು, ಪರಿಮಳ ಎರಡೂ ಬೇಕೆಂದರೆ ನನ್ನ ಮೊದಲ ಆಯ್ಕೆ ಕಾಮಿನಿ: ಬೇಲಿಯಂತೆ ಕತ್ತರಿಸಿದರೂ ಬಾಳುತ್ತದೆ, ಮಳೆ ಹನಿಸಿದ ಮೇಲೆ ಮತ್ತೆ ಮತ್ತೆ ಹೂಬಿಡುತ್ತದೆ. ಆದರೆ ಕಾಫಿಯ ನಡುವೆ ಕಿತ್ತಳೆ ಇರುವ ತೋಟಗಳಲ್ಲಿ ಅದನ್ನು ನಾನು ನೆಡಿಸುವುದಿಲ್ಲ. ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟಕ್ಕೆ ಕಾಮಿನಿಯ ಎಳೆ ಚಿಗುರು ಬಲು ಇಷ್ಟ.

ನೆಟ್ಟ ಮೇಲೆ ಕತ್ತರಿಯ ವಿಷಯ. ಮಳೆ ನಿಂತೊಡನೆ ಎಲ್ಲ ಗಿಡಗಳನ್ನೂ ಒಂದೇ ಸಮಕ್ಕೆ ಸವರುವ ರೂಢಿ ನಮ್ಮಲ್ಲಿದೆ. ಆದರೆ ಎರಡು ಗಿಡಗಳಿಗೆ ಅದು ಆಗದು. ಸಾಮಾನ್ಯ ಹೈಡ್ರೇಂಜಿಯಾ ಹಳೆಯ ಕೊಂಬೆಯ ತುದಿಮೊಗ್ಗಿನಿಂದ ಹೂಬಿಡುವುದರಿಂದ ಅದನ್ನು ಹೂವು ಬಾಡಿದ ಕೂಡಲೇ ಸವರಬೇಕು. ಪಾಯಿನ್ಸೆಟ್ಟಿಯಾಕ್ಕೆ ಆಗಸ್ಟ್ ನಂತರ ಕತ್ತರಿ ತಾಗಿಸಬಾರದು. ಕೆಲಸ ಒಪ್ಪಿಸುವಾಗ ಈ ಎರಡನ್ನು ಮಾಲೀಕರಿಗಲ್ಲ, ತೋಟದ ಕೆಲಸ ನೋಡುವವರಿಗೇ ಗಿಡದ ಮುಂದೆ ನಿಲ್ಲಿಸಿ ತೋರಿಸಿಕೊಡುತ್ತೇನೆ.