ಅರ್ಜಿದಾರರ ಹೆಸರು ಆಫೀಸಿನಿಂದ ಹೊರಗೆ ಹೋದಾಗ

ಮಾಹಿತಿ ಹಕ್ಕಿನ ಅರ್ಜಿ ಬಂದರೆ ಪಂಚಾಯಿತಿ ಆಫೀಸಿನಲ್ಲಿ ಎಲ್ಲರೂ ಮೊದಲು ನೋಡುವುದು ಕೊನೆಯ ಸಾಲನ್ನು. ಏನು ಕೇಳಿದ್ದಾರೆ ಅನ್ನುವುದು ಆಮೇಲೆ. ಯಾರು ಹಾಕಿದ್ದು, ಯಾರ ಕಡೆಯವರು, ಹೋದ ಎಲೆಕ್ಷನ್ನಿನಲ್ಲಿ ಯಾರ ಪರ ಓಡಾಡಿದ್ದರು, ಇಷ್ಟು ಮಾತಾದ ಮೇಲೇ ಅರ್ಜಿ ಇನ್ವರ್ಡ್ ಆಗುವುದು. ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ಬಂದಾಗಿನಿಂದ ಇದನ್ನೇ ನೋಡಿದ್ದೇನೆ, ಇದನ್ನೇ ಮಾಡಿದ್ದೇನೆ. ಅದರಿಂದ ಒಂದು ಮನೆಯವರಿಗೆ ಆದ ತೊಂದರೆ ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಬೇರೆ ಪಿಡಿಒಗಳು, ಕಾರ್ಯದರ್ಶಿಗಳು ಓದಲಿ ಅಂತ ಬರೆಯುತ್ತಿದ್ದೇನೆ.

ಆ ಅರ್ಜಿ ಬಂದದ್ದು ರಿಜಿಸ್ಟರ್ಡ್ ಪೋಸ್ಟಿನಲ್ಲಿ. ನಮೂನೆ 'ಎ', ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಕಾಲೋನಿಯ ಚರಂಡಿ ಕಾಮಗಾರಿಯ ಕ್ರಿಯಾಯೋಜನೆ, ಎಸ್ಟಿಮೇಟ್, ಎಂ.ಬಿ. (ಕಾಮಗಾರಿಯ ಅಳತೆ ಬರೆಯುವ ಪುಸ್ತಕ), ಬಿಲ್ಲು, ಎರಡು ವರ್ಷದ್ದು ಬೇಕು ಅಂತ ಕೇಳಿದ್ದರು. ಒಂದೇ ವಿಷಯ, 150 ಪದದ ಒಳಗೇ ಇತ್ತು. ಹಿಂಬರಹ ಕೊಟ್ಟು ಕಳಿಸೋಣ ಅಂದರೂ ಅದರಲ್ಲಿ ಕೊರತೆ ಇರಲಿಲ್ಲ. ಸಹಿ ಒಬ್ಬ ಹೆಂಗಸಿನದು. ಕಾಲೋನಿಯಲ್ಲೇ ಮನೆ, ಹೊಲಿಗೆ ಕೆಲಸ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು.

"ಇದು ಆಯಮ್ಮನ ತಲೆಯಿಂದ ಬಂದಿದ್ದಲ್ಲ ಸಾರ್, ಹಿಂದೆ ಯಾರೋ ಇದ್ದಾರೆ" ಅಂದರು ಬಿಲ್ ಕಲೆಕ್ಟರ್. ನನಗೂ ಹಾಗೇ ಅನ್ನಿಸಿತು. ಅರ್ಜಿ ಹಾಕಿಸಿ, ಆಮೇಲೆ ಫೋನ್ ಮಾಡಿ "ಮಾತಾಡಿ ಮುಗಿಸೋಣ" ಅನ್ನುವ ಜನ ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಕಾಟ ಕಂಡವರಿಗೆ ಪ್ರತಿ ಅರ್ಜಿಯ ಹಿಂದೆಯೂ ಅವರೇ ಕಾಣುತ್ತಾರೆ. ಆ ವಾರ್ಡಿನ ಸದಸ್ಯರಿಗೆ ಫೋನ್ ಮಾಡಿದೆ. "ಇವರು ಯಾರು, ಏನು ಸಮಾಚಾರ?" ಅಂತ ಕೇಳಿದೆ. ಹೆಸರು ಹೇಳಿದೆ. ಯಾವ ಕಾಮಗಾರಿ ಬಗ್ಗೆ ಕೇಳಿದ್ದಾರೆ ಅಂತಲೂ ಹೇಳಿದೆ. ಆ ಕಾಮಗಾರಿಯ ಕಂಟ್ರಾಕ್ಟರ್ ಆ ಸದಸ್ಯರ ಷಡ್ಡಕ. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ನನಗೂ ಗೊತ್ತಿತ್ತು. ಅರ್ಜಿ ಹಾಕಿಸಿದವರು ಯಾರು ಅಂತ ತಿಳಿದುಕೊಳ್ಳುವ ಆತುರದಲ್ಲಿ ಅದರ ಕಡೆ ಯೋಚನೆಯೇ ಹೋಗಲಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(2) ನಮಗೆಲ್ಲ ಬಾಯಿಪಾಠ. ಮಾಹಿತಿ ಯಾಕೆ ಬೇಕು ಅಂತ ಕೇಳುವ ಹಾಗಿಲ್ಲ. ಸಂಪರ್ಕಿಸಲು ಬೇಕಾದಷ್ಟು ಬಿಟ್ಟು ಬೇರೆ ಯಾವ ವೈಯಕ್ತಿಕ ವಿವರವನ್ನೂ ಕೇಳುವ ಹಾಗಿಲ್ಲ. ಅರ್ಜಿದಾರರನ್ನು ಕೇಳಬಾರದ್ದನ್ನು ಅವರ ಬೆನ್ನ ಹಿಂದೆ ಇನ್ನೊಬ್ಬರ ಹತ್ತಿರ ಕೇಳಿದರೆ ಸರಿಹೋಗುತ್ತದಾ? ಅವತ್ತು ಈ ಪ್ರಶ್ನೆ ನನಗೆ ಬರಲೇ ಇಲ್ಲ.

ನಾನು ಫೋನ್ ಮಾಡಿದ ಮಾರನೇ ದಿನ ಸಂಜೆ ಇಬ್ಬರು ಅರ್ಜಿದಾರರ ಮನೆ ಬಾಗಿಲಿಗೆ ಹೋಗಿದ್ದಾರೆ. ಕೈ ಮಾಡಿಲ್ಲ, ಕೂಗಾಡಿಲ್ಲ. "ಮಗಳು ಯಾವ ಕಾಲೇಜಿಗೆ ಹೋಗ್ತಾಳಂತೆ?" ಅಂತ ಕೇಳಿ ನೀರು ಕುಡಿದು ಬಂದಿದ್ದಾರೆ, ಅಷ್ಟೇ.

ಅದರ ಮರುದಿನ ಆಫೀಸ್ ಬಾಗಿಲು ತೆಗೆಯುವ ಹೊತ್ತಿಗೇ ಗಂಡ ಹೆಂಡತಿ ಇಬ್ಬರೂ ಬಂದು ನಿಂತಿದ್ದರು. ಆತ ಗಾರೆ ಕೆಲಸದವರು. ಕೂರಿ ಅಂದರೂ ಕೂರಲಿಲ್ಲ. "ಸಾರ್, ಇವಳಿಗೆ ತಿಳೀಲಿಲ್ಲ, ತಪ್ಪಾಯ್ತು. ಆ ಅರ್ಜಿ ವಾಪಸ್ ಕೊಟ್ಟುಬಿಡಿ" ಅಂದರು. ಆಕೆ ಸುಮ್ನೆ ನೆಲ ನೋಡುತ್ತಾ ನಿಂತಿದ್ದರು. ನಮ್ಮ ಕಾರ್ಯದರ್ಶಿ ಆಗಲೇ ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟಾಗಿತ್ತು. 'ನನ್ನ ಸ್ವಇಚ್ಛೆಯಿಂದ ಅರ್ಜಿ ಹಿಂಪಡೆಯುತ್ತೇನೆ' ಅಂತ ಬರೆಸಿಕೊಂಡರೆ ಅಲ್ಲಿಗೆ ಕಡತ ಮುಕ್ತಾಯ. ಉತ್ತರ ಕೊಡಬೇಕಾದ 30 ದಿನದ ಲೆಕ್ಕ ಇಲ್ಲ, ಮೇಲ್ಮನವಿ ಇಲ್ಲ, ತಡವಾದರೆ ದಿನಕ್ಕೆ 250 ರೂಪಾಯಿ ದಂಡದ ಭಯ ಇಲ್ಲ. ಆ ಹಾಳೆಯನ್ನು ನಾನೂ ನೋಡಿದೆ, ಆಕೆಯೂ ನೋಡಿದರು.

ಆಮೇಲೆ ಆಕೆ ತಲೆ ಎತ್ತಿ ಕೇಳಿದರು. "ಸಾರ್, ನಾನು ಕಾಗದ ಹಾಕಿದ್ದು ನಿಮಗೆ. ಅವರಿಗೆ ಹೆಂಗೆ ಗೊತ್ತಾಯ್ತು?"

ಕಾರ್ಯದರ್ಶಿ ಕಡತ ಹುಡುಕುವವರ ಹಾಗೆ ಆ ಕಡೆ ತಿರುಗಿದರು. ಪೋಸ್ಟ್‌ಮ್ಯಾನ್ ಹೇಳಿರಬಹುದು, ಟಪಾಲು ನೋಡಿದವರು ಹೇಳಿರಬಹುದು ಅಂತ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಆಕೆಗೆ ಉತ್ತರ ಆಗಲೇ ಗೊತ್ತಿತ್ತು. ನಾನೇ ಸದಸ್ಯರಿಗೆ ಹೇಳಿದ್ದು ಅಂತ ಹೇಳಿದೆ. ಗಂಡನ ಮುಖ ನೋಡಲು ನನಗೆ ಆಗಲಿಲ್ಲ. ಅವರಿಬ್ಬರಿಗೆ ಕುರ್ಚಿ ಹಾಕಿಸಿ, ಆ ಬಿಳಿ ಹಾಳೆಯಲ್ಲೇ ಇಂಜಿನಿಯರ್ ಅವರಿಗೆ, ಬೇರೆ ಅಧಿಕಾರಿಯ ನೆರವು ಕೇಳುವ ಸೆಕ್ಷನ್ 5(4)ರಲ್ಲಿ ಪತ್ರ ಬರೆದೆ. ಎರಡೂ ಎಂ.ಬಿ. ಕಳಿಸಿಕೊಡಿ ಅಂತ. ಅರ್ಜಿದಾರರ ಹೆಸರು ಹಾಕಲಿಲ್ಲ. ಪೊಲೀಸ್ ಠಾಣೆಗೂ ಒಂದು ಪತ್ರ ಕೊಟ್ಟೆ, ಮನೆಗೆ ಹೋದವರ ವಿಷಯವಾಗಿ. ಅರ್ಜಿ ವಾಪಸ್ ಪಡೆಯುವುದು ಬಿಡುವುದು ನಿಮ್ಮಿಷ್ಟ, ಆದರೆ ಇವತ್ತು ಬೇಡ, ಕಡತ ನೋಡಿ ಆಮೇಲೆ ಹೇಳಿ ಅಂದೆ.

ಕಡತ ಪರಿಶೀಲನೆಗೆ ಆಕೆ ಒಬ್ಬರೇ ಬಂದರು. ಕಾಯ್ದೆಯ 2(ಜೆ) ಪ್ರಕಾರ ಕಡತ ನೋಡುವುದು, ಟಿಪ್ಪಣಿ ಮಾಡಿಕೊಳ್ಳುವುದು ಎಲ್ಲ ಹಕ್ಕಿನ ಒಳಗೇ ಬರುತ್ತದೆ. ಸಂಘದ ಲೆಕ್ಕ ಬರೆದ ಕೈ ಅದು. ಎಂ.ಬಿ.ಯ ಉದ್ದ, ಅಗಲ, ಆಳದ ಕಾಲಂ ನೋಡಿ ಆಕೆ ಗಾಬರಿಯಾಗಲಿಲ್ಲ. ಎರಡು ಪುಸ್ತಕ ಪಕ್ಕಪಕ್ಕ ತೆರೆದಿಟ್ಟುಕೊಂಡು, ಒಂದರ ಮೇಲೆ ಎಡಗೈ ಬೆರಳು, ಇನ್ನೊಂದರ ಮೇಲೆ ಬಲಗೈ ಬೆರಳು ಇಟ್ಟು ಸಾಲು ಸಾಲಾಗಿ ಇಳಿದರು. "ಸಾರ್, ಇಲ್ಲಿ ಶಾಲೆಯಿಂದ ಹಳ್ಳದವರೆಗೆ ಅಂತಿದೆ. ಇಲ್ಲಿ ಹಳ್ಳದಿಂದ ಶಾಲೆವರೆಗೆ ಅಂತಿದೆ. ಅಳತೆ ಎರಡೂ ಒಂದೇ. ನಮ್ಮ ಬೀದೀಲಿ ಇರೋದು ಒಂದೇ ಚರಂಡಿ." ಆಡಿಟ್‌ನವರು ನೋಡಿದ್ದ ಕಡತ ಅದು. ಅಧಿಕಾರ ವಹಿಸಿಕೊಂಡಾಗ ನಾನೂ ನೋಡಿ ಸಹಿ ಹಾಕಿದ್ದ ಪಟ್ಟಿಯಲ್ಲೇ ಇತ್ತು. ಆ ಬೀದಿಯಲ್ಲಿ ದಿನಾ ಓಡಾಡುವವರ ಕಣ್ಣಿಗೆ ಬಿದ್ದದ್ದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ದೃಢೀಕೃತ ಪ್ರತಿ ಕೊಟ್ಟೆ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ ವರದಿ ಮಾಡಿದೆ. ವಿಚಾರಣೆ ನಡೆಯುತ್ತಿದೆ, ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ.

ನಾನು ಹೇಳಬೇಕಾದ್ದು ಹೆಸರಿನ ವಿಷಯ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಸತೀಶ್ ಶೆಟ್ಟಿ ಮಾಹಿತಿ ಹಕ್ಕಿನಲ್ಲಿ ಭೂಹಗರಣದ ಕಾಗದ ಹೊರತೆಗೆಯುತ್ತಿದ್ದವರು. 2010ರ ಜನವರಿಯಲ್ಲಿ ಬೆಳಗಿನ ವಾಕಿಂಗ್ ಹೊತ್ತಲ್ಲೇ ಅವರ ಕೊಲೆಯಾಯಿತು. ಅದೇ ವರ್ಷ ಜುಲೈನಲ್ಲಿ ಅಹಮದಾಬಾದಿನಲ್ಲಿ, ಹೈಕೋರ್ಟ್ ಎದುರಿಗೇ ಅಮಿತ್ ಜೇಠ್ವಾ ಅವರಿಗೆ ಗುಂಡು ಹೊಡೆದರು. ಅವರು ಗಿರ್ ಕಾಡಿನ ಸುತ್ತಲಿನ ಅಕ್ರಮ ಗಣಿಗಾರಿಕೆ ವಿರುದ್ಧ ಹೋರಾಡುತ್ತಿದ್ದರು. ಇಂಥವರ ರಕ್ಷಣೆಗೆ ಅಂತ 2014ರಲ್ಲಿ ಒಂದು ಕಾಯ್ದೆ ಪಾಸಾಯಿತು, ಜಾರಿಗೆ ಮಾತ್ರ ಬರಲಿಲ್ಲ. ಕಲ್ಕತ್ತಾ ಹೈಕೋರ್ಟ್ 2013ರಲ್ಲೇ ಹೇಳಿದೆ, ಅರ್ಜಿದಾರರು ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೆ ಸಾಕು, ಮನೆ ವಿಳಾಸಕ್ಕೆ ಒತ್ತಾಯ ಮಾಡಬಾರದು ಅಂತ. ಹಳ್ಳಿಯಲ್ಲಿ ಪೋಸ್ಟ್ ಬಾಕ್ಸ್ ಎಲ್ಲಿಂದ ಬರಬೇಕು? ಅಲ್ಲಿ ಅರ್ಜಿದಾರರಿಗೆ ಇರುವ ರಕ್ಷಣೆ ಅಂದರೆ ಅರ್ಜಿಗೆ ಉತ್ತರ ಕೊಡುವ ಮಾಹಿತಿ ಅಧಿಕಾರಿ (ಪಿಐಒ) ಬಾಯಿ ಮುಚ್ಚಿಕೊಂಡಿರುವುದೊಂದೇ.

ಸೆಕ್ಷನ್ 11ರ ನೋಟಿಸ್ ಇದೆಯಲ್ಲ, ಅದನ್ನೂ ಇದಕ್ಕೇ ಬಳಸುವವರಿದ್ದಾರೆ. "ಕಂಟ್ರಾಕ್ಟರ್ ಮೂರನೇ ವ್ಯಕ್ತಿ, ಅವರಿಗೆ ತಿಳಿಸಲೇಬೇಕು" ಅಂತ ಅರ್ಜಿಯ ಜೆರಾಕ್ಸನ್ನೇ ಲಗತ್ತಿಸಿ ಕಳಿಸುತ್ತಾರೆ. ಆ ಸೆಕ್ಷನ್ ಇರುವುದು ಮೂರನೆಯವರು ಕೊಟ್ಟ, ಇಲ್ಲವೇ ಅವರಿಗೆ ಸಂಬಂಧಿಸಿದ, ಅವರು ಗೌಪ್ಯ ಅಂತ ಇಟ್ಟ ಮಾಹಿತಿಗೆ. ಪಂಚಾಯಿತಿ ದುಡ್ಡಲ್ಲಿ ಕಟ್ಟಿದ ಚರಂಡಿಯ ಬಿಲ್ಲಿನಲ್ಲಿ ಗೌಪ್ಯ ಏನಿದೆ? ನೋಟಿಸ್ ಕೊಡಲೇಬೇಕಾದ ಕಡೆಯೂ ಅರ್ಜಿದಾರರ ಹೆಸರು ಹಾಕಿ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿ ಬಗ್ಗೆ ಇರುವ 8(1)(ಜೆ)ಯನ್ನು ತಿದ್ದಿದ ಮೇಲೆ ಫಲಾನುಭವಿ ಪಟ್ಟಿ ಕೇಳಿದರೂ "ವೈಯಕ್ತಿಕ ಮಾಹಿತಿ" ಅನ್ನುವವರು ಜಾಸ್ತಿಯಾಗಿದ್ದಾರೆ. ಅರ್ಜಿದಾರರ ಹೆಸರು ವೈಯಕ್ತಿಕ ಅಂತ ಮಾತ್ರ ಯಾರಿಗೂ ಅನ್ನಿಸುವುದಿಲ್ಲ.

ರಾಜಸ್ಥಾನದ ಅಂದಿನ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕಾಮಗಾರಿಯ ಬಿಲ್ಲು, ಮಸ್ಟರ್ ರೋಲನ್ನು (ಕೂಲಿಯವರ ಹಾಜರಿ ಪಟ್ಟಿ) ಇಡೀ ಊರಿನ ಮುಂದೆ ಜೋರಾಗಿ ಓದಿಸಿದರು. ಈ ಕಾಯ್ದೆಯ ಬೇರು ಅಲ್ಲೇ ಇದೆ. ಎಲ್ಲರ ಮುಂದೆ ಓದಿದರೆ ಕೇಳಿದವರು ಯಾರು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ? ನಮ್ಮಲ್ಲಿ ಪಂಚಾಯಿತಿಯ ಲೆಕ್ಕವನ್ನು ಊರಿನವರ ಮುಂದೆ ಇಡುವ ಜಮಾಬಂದಿ ಇರುವುದೂ ಅದಕ್ಕೇ. ಸಹಿ ಮಾಡಿಸಿ, ಫೋಟೋ ತೆಗೆಸಿ ಮುಗಿಸುತ್ತಿದ್ದ ಜಮಾಬಂದಿಯಲ್ಲಿ ಈ ಸಲ ಎಲ್ಲ ಕಾಮಗಾರಿಯ ಎಂ.ಬಿ. ಜೆರಾಕ್ಸ್ ಮೇಜಿನ ಮೇಲಿಟ್ಟೆ. ವಾರ್ಡ್ ವಾರ್ಡಿಗೆ ಕಾಮಗಾರಿ ಎಲ್ಲಿಂದ ಎಲ್ಲಿವರೆಗೆ, ಎಷ್ಟು ಮೀಟರ್, ಎಷ್ಟು ಬಿಲ್ಲು ಅಂತ ಓದಿಸಿದೆ. ಸೆಕ್ಷನ್ 4(1)(ಬಿ) ಪ್ರಕಾರ ನಾವಾಗಿಯೇ ಪ್ರಕಟಿಸಬೇಕಾದ್ದನ್ನು ಪ್ರಕಟಿಸಿದ್ದರೆ ಆಕೆ ಅರ್ಜಿ ಹಾಕುವ ಅಗತ್ಯವೇ ಇರಲಿಲ್ಲ.

ಆಫೀಸಿನಲ್ಲಿ ಈಗ ಅರ್ಜಿ ನೇರ ನನ್ನ ಕೈಗೆ ಬರುತ್ತದೆ. ಕಡತ ತೆಗೆಯುವವರಿಗೆ ನಂಬರ್ ಮತ್ತು ವಿಷಯ ಮಾತ್ರ ಹೋಗುತ್ತದೆ. ಸದಸ್ಯರು ಬೇಜಾರು ಮಾಡಿಕೊಂಡಿದ್ದಾರೆ. ಆದರೆ ತಾಲ್ಲೂಕಿಗೆ ಕಳಿಸುವ ತಿಂಗಳ ಪ್ರಗತಿ ವರದಿಯಲ್ಲಿ 'ಅರ್ಜಿದಾರರ ಹೆಸರು ಮತ್ತು ವಿಳಾಸ' ಅಂತ ಕಾಲಂ ಇದೆ. ಆ ಶೀಟು ಎಲ್ಲ ಪಂಚಾಯಿತಿಗಳ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತದೆ. ಅದನ್ನು ತೆಗೆಯಿರಿ ಅಂತ ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಕೇಳಿದೆ, ಪತ್ರವನ್ನೂ ಬರೆದೆ. ಮೇಲಿನಿಂದ ಬಂದ ನಮೂನೆ, ಬದಲಾಯಿಸಲು ಆಗಲ್ಲ ಅಂದರು. ನಾನು ಆ ಕಾಲಂನಲ್ಲಿ ಇನ್ವರ್ಡ್ ನಂಬರ್ ಬರೆದು ಕಳಿಸುತ್ತೇನೆ. ಹೆಸರು ಹೇಳಿ ಅಂತ ಕೇಸ್ ವರ್ಕರ್ ಫೋನ್ ಮಾಡುತ್ತಾರೆ. ಹೇಳುವುದಿಲ್ಲ. ಮುಂದಿನ ತಿಂಗಳ ವರದಿಗೆ ನಿಮ್ಮ ತಾಲ್ಲೂಕಿನಲ್ಲೂ ಇಂಥ ಕಾಲಂ ಬಂದರೆ ನೀವೂ ನಂಬರ್ ಮಾತ್ರ ಬರೆದು ಕಳಿಸಿ.