ಉಲ್ಟಾ ಯಾಕ ಮಾಡ್ಬೇಕ್ರಿ ಸರ್?

ನಾನು ಗಣಿತದ ಟ್ಯೂಷನ್ ಹೇಳ್ತೀನಿ ಅಂತ ಗೊತ್ತಾದರೆ ಸಾಕು, ಕಲಬುರಗಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಭಿನ್ನರಾಶಿ ಭಾಗಿಸುವಾಗ ಎರಡನೇದನ್ನ ಉಲ್ಟಾ ಮಾಡಿ ಗುಣಿಸೋದು ಯಾಕ್ರಿ?" ಗುಣಾಕಾರದ ಬಗ್ಗೆ ಯಾರಿಗೂ ತಕರಾರಿಲ್ಲ. ಅಂಶಕ್ಕೆ ಅಂಶ, ಛೇದಕ್ಕೆ ಛೇದ, ಮುಗೀತು. ಸಿಟ್ಟೆಲ್ಲ ಭಾಗಾಕಾರದ ಮೇಲೆ. ಬಾಯಿ ನೋಯಿಸಿಕೊಂಡು ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಕೇಳಿದ್ದಕ್ಕೆ ಬೇಜಾರಿಲ್ಲ, ಕೇಳುವ ಧಾಟಿಗೆ ಬೇಜಾರು. ಹೋದ ಬೇಸಿಗೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಹುಗ್ಗಿ ಬಿದ್ದಿತ್ತಷ್ಟೇ. ಪಕ್ಕದ ಹಿರಿಯರು ಶುರು ಮಾಡಿದರು. "ಮಾಸ್ತರ್, ಇವೆಲ್ಲ ಸುಮ್ನೆ ಹುಡುಗ್ರ ತಲಿ ಕೆಡಸ್ಲಾಕ ಮಾಡ್ಯಾರ, ಹೌದಿಲ್ಲೋ?" ಅವರದು ದಾಲ್ ಮಿಲ್.

"ಕಾಕಾ, 3 ಕಿಲೋ ತೊಗರಿಬ್ಯಾಳಿ ಅದ. ಪಾವು ಕಿಲೋ ಪ್ಯಾಕೆಟ್ ಎಷ್ಟಾಗ್ತಾವ?"

"ಹನ್ನೆರಡು."

"ಹೆಂಗ ಮಾಡಿದ್ರಿ?"

"ಕಿಲೋಕ್ಕ ನಾಕು. ಮೂರ್ನಾಕ್ಲೆ ಹನ್ನೆರಡು."

ಆಯ್ತಲ್ಲ! ಮೂರನ್ನು ಕಾಲರಿಂದ ಭಾಗಿಸಿ ಅಂದೆ, ನೀವು ನಾಲ್ಕರಿಂದ ಗುಣಿಸಿದಿರಿ. ಪ್ಯಾಕೆಟ್ ಮುಕ್ಕಾಲು ಕಿಲೋದ್ದಾದರೆ ಒಂದೊಂದರಲ್ಲೂ ಮೂರು ಪಾವು. ಆಗ ಹನ್ನೆರಡನ್ನು ಮೂರರಿಂದ ಭಾಗಿಸಬೇಕು. ನಾಲ್ಕು ಮೇಲೆ, ಮೂರು ಕೆಳಗೆ. ಉಲ್ಟಾ ಅಂದರೆ ಇಷ್ಟೇ. ಕಾಕಾ ಒಪ್ಪಲಿಲ್ಲ. "ಅದು ವ್ಯಾಪಾರ ರೀ, ಲೆಕ್ಕ ಅಲ್ಲ" ಅಂದು ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡರು.

ಇದೇನು ಇಂಗ್ಲಿಷರು ತಂದು ಹಾಕಿದ ನಿಯಮವೂ ಅಲ್ಲ. ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಇದನ್ನೇ ಹೇಳಿದ್ದಾನೆ: ಭಾಜಕದ ಛೇದವನ್ನು ಅಂಶ ಮಾಡು, ಆಮೇಲೆ ಗುಣಾಕಾರದಂತೆ ಮಾಡು. ಪುಸ್ತಕದ ಶುರುವಿನಲ್ಲೇ ಅವನು ಹೊಗಳುವುದು ಅಮೋಘವರ್ಷ ನೃಪತುಂಗನನ್ನು. ಆ ರಾಜನ ರಾಜಧಾನಿ ಮಾನ್ಯಖೇಟ, ಅಂದರೆ ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ನಮ್ಮ ಮಳಖೇಡ. ಆ ಹೆಸರು ಕೇಳಿದರೆ ನಮ್ಮ ಮಂದಿಗೆ ನೆನಪಾಗುವುದು ಮಾತ್ರ ಸಿಮೆಂಟು.

ಕೇಳಬೇಕಾದ್ದು ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಈ ಲೆಕ್ಕ ನೋಡಿ:

(ಎಕ್ಸ್² − 4)/5 ÷ (ಎಕ್ಸ್ − 2)/10

ಎರಡನೇದನ್ನು ತಿರುಗಿಸಿ. ಎಕ್ಸ್² − 4 ಅನ್ನು (ಎಕ್ಸ್ + 2)(ಎಕ್ಸ್ − 2) ಅಂತ ಬಿಡಿಸಿ. ಮೇಲೆ ಕೆಳಗೆ (ಎಕ್ಸ್ − 2) ಕಟ್. ಉತ್ತರ 2(ಎಕ್ಸ್ + 2). ಹುಡುಗರು ಖುಷಿಯಿಂದ ಕೆಳಗೆ ಎರಡು ಗೆರೆ ಎಳೆಯುತ್ತಾರೆ.

ಈಗ ಎಕ್ಸ್ ಜಾಗಕ್ಕೆ 2 ಹಾಕಿ. ಉತ್ತರ 8 ಅನ್ನುತ್ತದೆ. ಮೂಲ ಲೆಕ್ಕಕ್ಕೆ ಹಾಕಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಅನ್ನುತ್ತದೆ! ಅದಕ್ಕೆ ಅರ್ಥವೇ ಇಲ್ಲ. ಕಟ್ ಮಾಡುವಾಗ ಒಂದು ಷರತ್ತು ಸದ್ದಿಲ್ಲದೆ ಮಾಯವಾಗಿರುತ್ತದೆ. ಅದಕ್ಕೇ ಉತ್ತರದ ಪಕ್ಕ 'ಎಕ್ಸ್ 2 ಆಗಿರಬಾರದು' ಅಂತ ಬರೆಯಿರಿ ಅಂತ ಬಡಕೊಳ್ಳುವುದು. ಮಹಾವೀರಾಚಾರ್ಯನೇ ಇಲ್ಲಿ ಜಾರಿದ್ದಾನೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಇರುತ್ತದೆ ಅಂದುಬಿಟ್ಟ.

ಇಷ್ಟು ವರ್ಷದಲ್ಲಿ ಒಬ್ಬಳೇ ಹುಡುಗಿ ಕೇಳಿದ್ದು: "ಸರ್, ಎಕ್ಸ್ ಎರಡೇ ಇದ್ರ?" ಕರೆಂಟ್ ಹೋಗಿತ್ತು. ಉಳಿದವರು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ಮೊಬೈಲ್ ಬೆಳಕಲ್ಲಿ ಬೋರ್ಡಿನ ಮೇಲೆ ಮತ್ತೆ ಮೊದಲಿಂದ ಬರೆದೆ.